ಒಂದು ಗಾಯ, ಮೂರು ಶೀರ್ಷಿಕೆ

ರಷ್ಯದ ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ನೆನಪಿನ ಬಗ್ಗೆ ಎರಡು ಪುಟ್ಟ ಪುಸ್ತಕಗಳನ್ನು ಬರೆದಿದ್ದಾರೆ. ಒಂದು, ಏನನ್ನೂ ಮರೆಯಲಾರದ ಮನುಷ್ಯನ ಕತೆ. ನಾನು ಮತ್ತೆ ಮತ್ತೆ ತೆರೆಯುವುದು ಇನ್ನೊಂದನ್ನು: 1972ರಲ್ಲಿ ಇಂಗ್ಲಿಷಿಗೆ ಬಂದ ‘ದ ಮ್ಯಾನ್ ವಿತ್ ಎ ಶ್ಯಾಟರ್ಡ್ ವರ್ಲ್ಡ್’. ಇದನ್ನು ವೈದ್ಯಕೀಯ ವರದಿ ಎಂದು ಓದಬಹುದು. ನನಗೆ ಮಾತ್ರ ಇದು ಆತ್ಮಕಥೆ. ಇಬ್ಬರು ಲೇಖಕರ ಜಗ್ಗಾಟ ನಡೆದಿರುವ ಆತ್ಮಕಥೆ.

1943ರ ಮಾರ್ಚಿನಲ್ಲಿ, ಸ್ಮೊಲೆನ್ಸ್ಕ್ ಕಡೆಯ ಯುದ್ಧದಲ್ಲಿ, ಜಸೆಟ್ಸ್ಕಿ ಎಂಬ 23 ವರ್ಷದ ಯುವಕನ ತಲೆಗೆ ಗುಂಡು ಹೊಕ್ಕಿತು. ಮಿದುಳಿನ ಎಡಬದಿಯ ಹಿಂಭಾಗ ಹಾಳಾಯಿತು. ನೋಟದ ಬಲಗಡೆ ಅಳಿಸಿಹೋಯಿತು, ಓದು ಮರೆತಿತು, ಕಣ್ಣೆದುರಿನ ವಸ್ತುವಿನ ಹೆಸರು ನಾಲಿಗೆಗೆ ಬರದಾಯಿತು. ನೆನಪುಗಳು ಮರಳತೊಡಗಿದ್ದೂ ತಿರುಗುಮುರುಗಾಗಿ: ಬಾಲ್ಯ, ಶಾಲೆ ಮೊದಲು ಬಂದವು, ಈಚಿನವು ಹತ್ತಿರ ಸುಳಿಯಲಿಲ್ಲ.

ಅವನು ಬರವಣಿಗೆಯನ್ನು ಮರಳಿ ಪಡೆದ ಪ್ರಸಂಗ ಪುಸ್ತಕದ ಜೀವಾಳ. ಒಂದು ಅಕ್ಷರ ಬೇಕೆಂದರೆ ವರ್ಣಮಾಲೆಯನ್ನು ಮೊದಲಿನಿಂದ ಹೇಳಿಕೊಂಡು ಬರಬೇಕಿತ್ತು. ಒಂದು ದಿನ ವೈದ್ಯರು, ಅಕ್ಷರಗಳನ್ನು ಯೋಚಿಸಬೇಡ, ಕೈ ಎತ್ತದೆ ಇಡೀ ಪದವನ್ನು ಒಂದೇ ಓಟದಲ್ಲಿ ಬರಿ ಎಂದರು. ಬರೆದ! ತಲೆಯಲ್ಲಿ ಸಿಗದ ಪದ ಕೈಯಲ್ಲಿತ್ತು. ಬರೆದದ್ದನ್ನು ಓದುವುದು ಮಾತ್ರ ಹರಸಾಹಸವಾಗಿಯೇ ಉಳಿಯಿತು. ಹಾಗೇ ಸುಮಾರು 25 ವರ್ಷ ಕೂತು 3000 ಪುಟ ತುಂಬಿಸಿದ.

ಲೂರಿಯಾ ಅವನ ಭಾಷೆಯ ತೊಡಕನ್ನು ವಿವರಿಸುವ ಪುಟಗಳಲ್ಲಿ ಕನ್ನಡ ಓದುಗರು ನಿಧಾನಿಸಬೇಕು. ‘ಅಪ್ಪನ ತಮ್ಮ’, ‘ತಮ್ಮನ ಅಪ್ಪ’ ಎಂಬಂಥ ಮಾತುಗಳಲ್ಲಿ ಪದಗಳೆರಡೂ ಅವನಿಗೆ ಗೊತ್ತು, ಯಾರು ಯಾರಿಗೆ ಏನು ಎಂಬುದು ಬಿಡಿಸಲಾಗದ ಗಂಟು. ನಾವಾದರೆ ‘ಚಿಕ್ಕಪ್ಪ’ ಎಂದು ಮುಗಿಸುತ್ತೇವೆ. ಆದರೆ ಆನೆ ನೊಣಕ್ಕಿಂತ ದೊಡ್ಡದೋ, ನೊಣ ಆನೆಗಿಂತಲೋ ಎಂದಾಗ ನಮಗೂ ಪಾರಿಲ್ಲ; ಒಂದು ‘ಇಂತ’ದ ಮೇಲೆ ಇಡೀ ಲೋಕ ನಿಂತಿರುತ್ತದೆ.

ನನ್ನ ತಕರಾರು ಇರುವುದು ಜೋಡಣೆಯ ಬಗ್ಗೆ. ಸಾವಿರಾರು ಪುಟಗಳಿಂದ ಆಯ್ದು, ಕ್ರಮವಾಗಿ ಹೊಂದಿಸಿ, ನಡುನಡುವೆ ಮಿದುಳಿನ ಪಾಠ ಹೇಳಿ ಈ ತೆಳು ಪುಸ್ತಕ ಕಟ್ಟಿದವರು ಲೂರಿಯಾ. ಅವರ ಅಂತಃಕರಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬರೆದದ್ದನ್ನು ಸಲೀಸಾಗಿ ತಿರುವಿ ಓದಲಾರದವನು ಹೇಳಿದ್ದನ್ನೇ ಹೇಳುವುದು ಸಹಜ, ಮತ್ತು ನೆನಪನ್ನು ಕಟ್ಟಿಕೊಳ್ಳುವ ಅವನ ಕೆಲಸ ನಡೆದಿರುವುದೂ ಆ ಪುನರುಕ್ತಿಯಲ್ಲೇ. ಇಂದು ಇಟ್ಟ ಕಲ್ಲು ನಾಳೆ ಜಾರುತ್ತದೆ, ಮತ್ತೆ ಇಡಬೇಕು. ಆಯ್ಕೆ ಮಾಡಿದ ಪುಟಗಳಲ್ಲಿ ನಮಗೆ ಕಾಣುವುದು ನಿಂತ ಗೋಡೆ.

ಶೀರ್ಷಿಕೆಗಳನ್ನೇ ನೋಡಿ. 1971ರ ರಷ್ಯನ್ ಮೂಲದ ಹೆಸರಿನ ಅರ್ಥ ‘ಕಳೆದುಹೋಗಿ ಮರಳಿ ಬಂದ ಲೋಕ’. ಇಂಗ್ಲಿಷಿನಲ್ಲಿ ಅದು ಒಡೆದುಹೋದ ಲೋಕವಾಯಿತು. ಒಂದರಲ್ಲಿ ಎಲ್ಲವೂ ಸಿಕ್ಕಿದೆ, ಇನ್ನೊಂದರಲ್ಲಿ ಎಲ್ಲವೂ ಹೋಗಿದೆ. ಎರಡರಲ್ಲೂ ಕತೆ ಮುಗಿದಿದೆ. ಜಸೆಟ್ಸ್ಕಿ ತನ್ನ ದಿನಚರಿಗೆ ಕೊನೆಗೆ ಇಟ್ಟುಕೊಂಡ ಹೆಸರು ‘ಹೋರಾಡುತ್ತಲೇ ಇರುತ್ತೇನೆ’ ಎಂಬ ಅರ್ಥದ್ದು. ಯಾರಾದರೂ ಇದನ್ನು ಕನ್ನಡಕ್ಕೆ ತರುವುದಾದರೆ ಮುಖಪುಟಕ್ಕೆ ಆ ಕ್ರಿಯಾಪದವೇ ಇರಲಿ.