ವೈರಿಗೂ ಚರಮಗೀತೆ: ರನ್ನನ ದುರ್ಯೋಧನ, ಬೈಬಲಿನ ದಾವೀದ

ಹೆಬ್ಬಾಳದಲ್ಲಿ ದೊರೆತ, ಸುಮಾರು 750ರ ವೀರಗಲ್ಲು ಕಾದಿ ಮಡಿದ ಕಿತ್ತಯ್ಯನ ಹೆಸರನ್ನು ಉಳಿಸಿದೆ. ಎದುರು ಪಾಳೆಯದಲ್ಲಿ ಸತ್ತವರಿಗಾಗಿ ಅದು ಅಳುವುದಿಲ್ಲ. ಯುದ್ಧಕಾವ್ಯ ಈ ಮೇರೆಯನ್ನು ದಾಟಬಲ್ಲದೇ?

ರನ್ನನ ‘ಗದಾಯುದ್ಧ’ ದಾಟುತ್ತದೆ. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿಯೂ ಕವಿ ಶೋಕದ ಘನತೆಯನ್ನು ದುರ್ಯೋಧನನಿಗೆ ಕೊಡುತ್ತಾನೆ. ಹೆಣಗಳ ನಡುವೆ ನಡೆಯುವ ಅವನು ಕರ್ಣ, ದುಶ್ಶಾಸನರಿಗಾಗಿ ಮರುಗುವುದಷ್ಟೇ ಅಲ್ಲ, ವೈರಿಯ ಮಗ ಅಭಿಮನ್ಯುವಿನ ಶೌರ್ಯವನ್ನೂ ಕೊಂಡಾಡುತ್ತಾನೆ. ಆದರೆ ಆ ಶೋಕ ಅವನ ಛಲವನ್ನು ಕರಗಿಸುವುದಿಲ್ಲ, ಇನ್ನಷ್ಟು ಹರಿತಗೊಳಿಸುತ್ತದೆ.

ದಾವೀದನ ಶೋಕಗೀತೆ (2 ಸಮುವೇಲ 1:17-27) ಬೇರೆಯಾಗುವುದು ಇಲ್ಲಿಯೇ. ತನ್ನ ಪ್ರಾಣಕ್ಕೆ ಹೊಂಚುಹಾಕಿದ್ದ ಸೌಲನಿಗಾಗಿಯೂ ಗೆಳೆಯ ಯೋನಾತಾನನಿಗಾಗಿಯೂ ಅವನು ಒಂದೇ ಹಾಡಿನಲ್ಲಿ ಗೋಳಿಡುತ್ತಾನೆ. ಹಗೆಯ ಲೆಕ್ಕ ಎತ್ತುವುದಿಲ್ಲ. ಫಿಲಿಷ್ಟಿಯರಿಗೆ ಆ ಕರುಣೆ ಸಲ್ಲುವುದಿಲ್ಲವೆಂಬುದೂ ನಿಜ. ಆ ಕೊರತೆ ತುಂಬುವುದು ಕ್ರಿಸ್ತನ ಶತ್ರುಪ್ರೇಮದಲ್ಲಿ. ಗಮನಾರ್ಹವೆಂದರೆ ಗೀತೆಯಲ್ಲಿ ದೇವರ ಹೆಸರೇ ಇಲ್ಲ. ಸಾವನ್ನು ದೈವೇಚ್ಛೆಯೆಂದು ಸಮರ್ಥಿಸುವ ಆತುರ ಅಲ್ಲಿಲ್ಲ.

ಗಡಿಯಲ್ಲಿ ಮಡಿದವರಿಗಾಗಿ ಬಲಿಪೂಜೆ ಅರ್ಪಿಸುವ ನಾವು ಪುನರುತ್ಥಾನವನ್ನು ಸಾರುವ ಮೊದಲು ಅಳಲು ಕಲಿಯಬೇಕು. ಆ ಪ್ರಾರ್ಥನೆಯಲ್ಲಿ ಗಡಿಯಾಚೆಯ ತಾಯಿಗೂ ಸ್ಥಳವಿರಬೇಕು.