ಅರಮನೆಯಲ್ಲಿ ಬಾಡಿಗೆ ಕೋಣೆ

ಬೇಸಗೆ ರಜೆ ಬಂತೆಂದರೆ ಮುಂಬಯಿ, ಪುಣೆ, ನಾಸಿಕಗಳ ಕನ್ನಡ ಕುಟುಂಬಗಳು ಊರಿಗೆ ಹೊರಡುತ್ತವೆ. ಮದುವೆ, ಮುಂಜಿ, ನೇಮ, ಜಾತ್ರೆಗಳೆಲ್ಲ ಮುಗಿದು ಉಳಿದ ನಾಲ್ಕು ದಿನಗಳಲ್ಲಿ ಮಕ್ಕಳಿಗೆ ಮೈಸೂರು-ಊಟಿ ತೋರಿಸಿಕೊಂಡು ಬರುವುದು ನಮ್ಮಲ್ಲಿ ಬಹುಕಾಲದ ರೂಢಿ. ಮೊದಲು ಛತ್ರವೋ ಲಾಡ್ಜೋ ನೆಂಟರ ಮನೆಯೋ ಸಾಕಾಗುತ್ತಿತ್ತು. ಈಗ ಮಕ್ಕಳು ದುಡಿಯುತ್ತಿದ್ದಾರೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ಒಂದು ರಾತ್ರಿಯಾದರೂ ಅರಮನೆಯಲ್ಲಿ ಮಲಗಿ ಬರೋಣವೆಂಬ ಆಸೆ ಅನೇಕರಿಗೆ ಹುಟ್ಟಿದೆ. ಆಸೆಯಲ್ಲಿ ತಪ್ಪಿಲ್ಲ. ನಾನಿಲ್ಲಿ ವಿಮರ್ಶಿಸಹೊರಟಿರುವುದು ಆ ಆಸೆಯನ್ನಲ್ಲ, ಬೆಟ್ಟದೂರಿನ ಅರಮನೆ ಹೋಟೆಲುಗಳು ನಮಗೆ ಹೇಳುವ ಕಥೆಯನ್ನು. ಏಕೆಂದರೆ ಅಲ್ಲಿ ತಂಗುವವನು ಹಾಸಿಗೆಗೆ, ಬಿಸಿನೀರಿಗೆ, ಉಪಾಹಾರಕ್ಕೆ ಕೊಟ್ಟಂತೆ ಈ ಕಥೆಗೂ ದುಡ್ಡು ಕೊಡುತ್ತಾನೆ. ಕೊಂಡ ಸರಕನ್ನು ಪರೀಕ್ಷಿಸುವ ಹಕ್ಕು ಗಿರಾಕಿಗಿದೆ. ಲಾಸಲಗಾಂವಿನ ಈರುಳ್ಳಿ ಮಾರುಕಟ್ಟೆಯ ಮಗ್ಗುಲಲ್ಲಿ ವಾಸವಾಗಿದ್ದು ಇಷ್ಟನ್ನೂ ಕಲಿಯದಿದ್ದರೆ ಹೇಗೆ? ಇಲ್ಲಿ ಟ್ರಾಲಿಯ ಮೇಲ್ಭಾಗದ ಈರುಳ್ಳಿಯನ್ನಷ್ಟೇ ನೋಡಿ ಯಾರೂ ಹರಾಜು ಕೂಗುವುದಿಲ್ಲ. ಅಡಿಯ ಮಾಲನ್ನೂ ಒಂದಿಷ್ಟು ಕೆಳಗೆ ಸುರಿಸಿ ನೋಡುತ್ತಾರೆ.

ಉದಾಹರಣೆಗೆ ಊಟಿಯ ಫರ್ನ್‌ಹಿಲ್ಸ್ ಅರಮನೆಯನ್ನೇ ತೆಗೆದುಕೊಳ್ಳೋಣ. ಕನ್ನಡಿಗನಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕಲಾರದು. ಮೊದಲು ಅದು ಇಂಗ್ಲಿಷ್ ಅಧಿಕಾರಿಯೊಬ್ಬನ ಬಂಗಲೆ. 1844ರಲ್ಲಿ ಕಟ್ಟಿದ್ದೆಂದು ಹೇಳುತ್ತಾರೆ. ಅದೇ ಶತಮಾನದಲ್ಲಿ ಮೈಸೂರು ಅರಸರ ಕೈಗೆ ಬಂದು, ಬೆಳೆದು, ಅವರ ಬೇಸಗೆಯ ಅರಮನೆಯಾಯಿತು. ಕೆಂಪು ಬಣ್ಣದ, ಕೆತ್ತನೆಯ ಮರದ ಅಂಚುಗಳಿರುವ, ಸ್ವಿಟ್ಜರ್ಲೆಂಡಿನ ಮನೆಗಳನ್ನು ನೆನಪಿಸುವ ಕಟ್ಟಡ. ಒಳಗೆ ಬರ್ಮಾ ತೇಗ, ದೊಡ್ಡದೊಂದು ನೃತ್ಯಶಾಲೆ, ಅದಕ್ಕೆ ಕಾಗದದ ಮುದ್ದೆಯಿಂದ ಮಾಡಿದ ಅಲಂಕಾರದ ಒಳಮಾಳಿಗೆ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನು ನಿಲ್ಲಿಸಿತು. ಮೈಸೂರಿಗೆ ಸಲ್ಲುತ್ತಿದ್ದದ್ದು ವರ್ಷಕ್ಕೆ 26 ಲಕ್ಷ ರೂಪಾಯಿ. ಆ ಮೇಲೆ ದೇಶದ ಎಷ್ಟೋ ಅರಮನೆಗಳಿಗಾದದ್ದೇ ಇದಕ್ಕೂ ಆಯಿತು, ಅರಮನೆ ಹೋಟೆಲಾಯಿತು.

ಇಂಥ ಹೋಟೆಲುಗಳ ಪ್ರಚಾರದಲ್ಲಿ ತಪ್ಪದೆ ಬರುವ ಮಾತು ‘ಅರಸರಂತೆ ಇದ್ದು ಹೋಗಿ’ ಎಂಬುದು. ಆದರೆ ಊಟಿಯಲ್ಲಿ ಮೈಸೂರು ಅರಸರು ಹೇಗಿದ್ದರು? ನೀಲಗಿರಿಯ ಬೆಟ್ಟಗಳು 1799ರವರೆಗೆ ಮೈಸೂರು ರಾಜ್ಯಕ್ಕೆ ಸೇರಿದ್ದವು. ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಮಡಿದ ಮೇಲೆ ರಾಜ್ಯವನ್ನು ಪಾಲು ಮಾಡುವಾಗ ಒಡೆಯರಿಗೆ ಮೈಸೂರು ಸಿಕ್ಕಿತು; ನೀಲಗಿರಿಯನ್ನು ಕಂಪನಿ ತಾನಿಟ್ಟುಕೊಂಡು ಕೊಯಮತ್ತೂರು ಜಿಲ್ಲೆಗೆ ಸೇರಿಸಿತು. ಆ ಜಿಲ್ಲೆಯ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ, ಕೆಲವೇ ವರ್ಷಗಳಲ್ಲಿ ಊಟಿಯ ಮೊದಲ ಕಲ್ಲುಮನೆಯನ್ನು ಕಟ್ಟಿದ. ಆಲೂಗಡ್ಡೆಯನ್ನೂ ಅವನೇ ತಂದು ಬೆಳೆಸಿದನಂತೆ. (ಊಟಿ ಆಲೂಗಡ್ಡೆಯನ್ನು ನಮ್ಮ ಲಾಸಲಗಾಂವಿನ ಈರುಳ್ಳಿಯೊಡನೆ ಪಲ್ಯ ಮಾಡುವವರು ಈ ಪುಣ್ಯಾತ್ಮನನ್ನು ನೆನೆಯಬೇಕು.) ಹೀಗಾಗಿ, ಒಂದು ಕಾಲಕ್ಕೆ ತಮ್ಮದೇ ರಾಜ್ಯದ ಬೆಟ್ಟವಾಗಿದ್ದಲ್ಲಿ ಮೈಸೂರಿನ ದೊರೆ ದುಡ್ಡು ಕೊಟ್ಟು ಒಂದು ಮನೆ ಕೊಳ್ಳಬೇಕಾಯಿತು. ಸುತ್ತಲೂ ಇಂಗ್ಲಿಷರ ಕ್ಲಬ್ಬು, ಇಂಗ್ಲಿಷರ ಚರ್ಚು, ಇಂಗ್ಲಿಷರ ಬೇಟೆನಾಯಿಗಳು. ನಡುವೆ ಜೋಧಪುರದವರ ಆರನ್‌ಮೋರ್ ಮುಂತಾದ ಇತರ ಸಂಸ್ಥಾನಿಕರ ಮನೆಗಳು. ಅರಮನೆಯಲ್ಲಿ ಅವರು ಅರಸರು ಹೌದು, ಗೇಟು ದಾಟಿದರೆ ಬೇರೊಬ್ಬರ ಊರಿನ ಗೌರವಾನ್ವಿತ ನಿವಾಸಿ. ಇದು ಕಹಿಯಾದರೂ ಸ್ವಾರಸ್ಯವಾದ ಚರಿತ್ರೆ. ಹೋಟೆಲಿನ ಭಾಷೆಯಲ್ಲಿ ಈ ಕಹಿಗೆ ಜಾಗವಿಲ್ಲ. ಅಲ್ಲಿ ಎಲ್ಲವೂ ವೈಭವವೇ.

ಇನ್ನು ನಮ್ಮ ಕಡೆಯ ಮಾತು. ಊಟಿಯ ಆ ಕೆಂಪು ಅರಮನೆಯನ್ನು ದೂರದಿಂದ ಕಂಡರೂ ನಮ್ಮವರು ಮಕ್ಕಳಿಗೆ ‘ನೋಡಿ, ನಮ್ಮ ಮಹಾರಾಜರ ಅರಮನೆ’ ಎನ್ನುತ್ತಾರೆ. ಅಭಿಮಾನದ ಮಾತು, ಸಂತೋಷವೇ. ಆದರೆ ಈ ಪತ್ರಿಕೆಯನ್ನು ಓದುವ ಕುಟುಂಬಗಳಲ್ಲಿ ಬಹುಪಾಲು ದಕ್ಷಿಣ ಕನ್ನಡದಿಂದಲೋ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳಿಂದಲೋ ಬಂದವು. ನಮ್ಮ ಅಜ್ಜಂದಿರಿಗೆ ಮೈಸೂರಿನ ದೊರೆ ದೊರೆಯಾಗಿರಲಿಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿನ ಕೆಳಗಿತ್ತು. ಧಾರವಾಡದ ಕಡೆಯವರು ಮುಂಬಯಿಯ ಕೆಳಗಿದ್ದರು. ಮದರಾಸಿನ ಇಂಗ್ಲಿಷ್ ಸರ್ಕಾರ ಬೇಸಗೆಯಲ್ಲಿ ಕಡತಗಳನ್ನು ಹೊತ್ತುಕೊಂಡು ಹೋಗುತ್ತಿದ್ದದ್ದು ಇದೇ ಊಟಿಗೆ, ಮುಂಬಯಿಯದು ಮಹಾಬಲೇಶ್ವರಕ್ಕೆ. ಸರ್ಕಾರವೇ ಬೆಟ್ಟದ ಮೇಲಿರುವಾಗ ಬಡ ರೈತನ ಅರ್ಜಿಯೂ ಬೆಟ್ಟ ಹತ್ತಲೇಬೇಕಲ್ಲ. ಅಂದಮೇಲೆ ತುಳುನಾಡಿನಿಂದ ಬಂದ ಕನ್ನಡಿಗನಿಗೆ ಊಟಿಯೊಡನೆ ಇರುವ ನಿಜವಾದ ಸಂಬಂಧ ಅರಮನೆಯ ಸಂಬಂಧವಲ್ಲ, ಅರ್ಜಿದಾರನ ಸಂಬಂಧ. ಕೊಳ್ಳೇಗಾಲದವರ ಸಂಗತಿಯಂತೂ ಇನ್ನೂ ವಿಚಿತ್ರ: ಮೈಸೂರಿನ ಬಗಲಲ್ಲೇ ಇದ್ದರೂ 1956ರವರೆಗೆ ಅವರದು ಕೊಯಮತ್ತೂರು ಜಿಲ್ಲೆ. ಈ ಮೂರು ದಿಕ್ಕಿನ ಕನ್ನಡಿಗರು ಇಂದು ‘ನಮ್ಮ ಅರಮನೆ’ ಎಂದು ಒಂದೇ ಬಾಯಲ್ಲಿ ಹೇಳಬಲ್ಲವರಾಗಿದ್ದಾರೆ. ಅದು ಏಕೀಕರಣ ಕೊಟ್ಟ ಬಾಯಿ. ಮಕ್ಕಳಿಗೆ ಅದನ್ನೂ ಜೊತೆಗೇ ಹೇಳಿದರೆ ಅರಮನೆಯ ಬೆಲೆ ಕಡಿಮೆಯಾಗುವುದಿಲ್ಲ.

ಹಾಗಾದರೆ ಆ ಬೆಟ್ಟದ ಮೇಲೆ ಕನ್ನಡದ್ದು ಏನೂ ಇಲ್ಲವೇ? ಇದೆ. ಆದರೆ ಅದು ಹೋಟೆಲು ತೋರಿಸುವ ಕಡೆಗಿಲ್ಲ. ಊಟಿಯ ನೆತ್ತಿಯ ಮೇಲಿರುವ, 2637 ಮೀಟರ್ ಎತ್ತರದ ಶಿಖರದ ಹೆಸರನ್ನೇ ನೋಡಿ: ದೊಡ್ಡಬೆಟ್ಟ. ಅಚ್ಚ ಕನ್ನಡದ ಎರಡು ಮಾತು. ಭೂಪಟ ಬರೆದ ಇಂಗ್ಲಿಷರೂ ಅದನ್ನು ಅಳಿಸಲಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಈ ಬೆಟ್ಟಗಳನ್ನು ಗೆದ್ದ ಸಂಗತಿ, ತೋಡರನ್ನು ಬೆದರಿಸಿದ ಸಂಗತಿ 1117ರ ಚಾಮರಾಜನಗರದ ಶಾಸನದಲ್ಲಿದೆ. ಸಲಿವನ್ ಬೆಟ್ಟ ಹತ್ತುವುದಕ್ಕೆ ಏಳುನೂರು ವರ್ಷ ಹಿಂದಿನ ಮಾತಿದು. ಆಗಲೂ ಗೆದ್ದವನೇ ಕಥೆ ಬರೆಸಿದ, ಬೆದರಿದವರ ಮಾತು ಕಲ್ಲಿಗೆ ಏರಲಿಲ್ಲ ಎಂಬುದು ಬೇರೆ ವಿಷಯ.

ಪುಣಿಸನಿಗಿಂತ ಮುಖ್ಯರಾದವರು ಇಂದಿಗೂ ಅಲ್ಲಿರುವ ಬಡಗರು. ಬಡಗ ಎಂದರೆ ಬಡಗಣ ದಿಕ್ಕಿನವನು. ಅವರು ಉತ್ತರದಿಂದ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂಬುದು ಅವರಲ್ಲೇ ನಡೆದುಬಂದಿರುವ ಮಾತು. ಅವರ ಊರಿಗೆ ಹೆಸರು ಹಟ್ಟಿ. ಅವರ ನುಡಿಯನ್ನು ಭಾಷಾವಿಜ್ಞಾನಿಗಳು ಬೇರೆ ಭಾಷೆಯೆನ್ನುತ್ತಾರೆ. ಜನಗಣತಿಯವರು ಕನ್ನಡದ ಕೆಳಗೆ ಎಣಿಸುತ್ತಾರೆ. 2011ರ ಲೆಕ್ಕದಲ್ಲಿ ಅದನ್ನಾಡುವವರು 1 ಲಕ್ಷ 30 ಸಾವಿರಕ್ಕೂ ಹೆಚ್ಚು. ಈ ಎಣಿಕೆಯಿಂದ ನಾವು ಹಿಗ್ಗಬೇಕಾದದ್ದೇನೂ ಇಲ್ಲ, ಅವರ ಭಾಷೆ ಅವರದು. ಆದರೆ ಬೆಟ್ಟ ಹತ್ತಿದ ಕನ್ನಡಿಗ ತನ್ನ ಮಾತಿಗೆ ಮಾತು ಸಿಕ್ಕುವ ಈ ಜನರನ್ನು ನೋಡದೆ, ಗೋಡೆಯ ಮೇಲಿನ ನರಿಬೇಟೆಯ ಚಿತ್ರಗಳನ್ನು ನೋಡಿಕೊಂಡು ಇಳಿದುಬಂದರೆ, ಅವನು ಊಟಿಗೆ ಹೋಗಿ ಬಂದನೆಂದು ನಾನು ಒಪ್ಪುವುದಿಲ್ಲ.

ನೀಲಗಿರಿಯ ಒಂದು ಹಳೆಯ ಬಂಗಲೆಯ ಹೋಟೆಲಿನಲ್ಲಿ ನಾವು ಎರಡು ರಾತ್ರಿ ತಂಗಿದ್ದುಂಟು. ಮೇಲೆ ಹೇಳಿದ ಅರಮನೆಯಲ್ಲ, ಬೇರೆ, ಹೆಸರು ಬೇಡ. ಬಾಡಿಗೆ ಎಷ್ಟು ಕ್ವಿಂಟಾಲು ಈರುಳ್ಳಿಗೆ ಸಮ ಎಂದು ನನ್ನ ಮಗ ಲೆಕ್ಕ ಹಾಕಿದ. ಈರುಳ್ಳಿಯ ಧಾರಣೆ ಬಿದ್ದ ವರ್ಷವಾದ್ದರಿಂದ ಲೆಕ್ಕ ಹೇಳದಿರುವುದೇ ಲೇಸು. ಕೋಣೆಯಲ್ಲಿ ಚೌಕಟ್ಟು ಹಾಕಿದ ಒಂದು ಹಾಳೆ, ಮನೆಯ ಚರಿತ್ರೆ. ಕಟ್ಟಿದ ಸೇನಾಧಿಕಾರಿಯ ಹೆಸರು, ಅವನ ಹೆಂಡತಿ ನೆಟ್ಟ ಗುಲಾಬಿಯ ಜಾತಿ, ಬಂದುಹೋದ ಗವರ್ನರುಗಳ ಪಟ್ಟಿ. ಇಂಗ್ಲಿಷರು ಹೋದ ಮೇಲೆ ಆ ಮನೆಯಲ್ಲಿ ಏನೂ ನಡೆಯಲಿಲ್ಲವೋ ಎಂಬಂತೆ 1947ಕ್ಕೆ ಚರಿತ್ರೆ ಮುಗಿದಿತ್ತು. ಬೆಳಿಗ್ಗೆ ಚಹಾ ತಂದ ಹುಡುಗ ನಾವು ನಮ್ಮೊಳಗೆ ಆಡಿದ ಕನ್ನಡ ಕೇಳಿ ನಕ್ಕ. ಬಡಗರ ಹುಡುಗ. ಅವನ ಮಾತು ನನಗೆ ಮುಕ್ಕಾಲು ಪಾಲು ತಿಳಿಯಿತು, ನನ್ನದು ಅವನಿಗೆ ಅದಕ್ಕಿಂತ ಹೆಚ್ಚು ತಿಳಿದಂತಿತ್ತು. ಅವನ ಅಜ್ಜ ಅದೇ ತೋಟದಲ್ಲಿ ಮಾಲಿಯಾಗಿದ್ದನಂತೆ. ಗುಲಾಬಿಗೆ ಗುಂಡಿ ತೋಡಿದವರು ಯಾರೆಂದು ಆಗ ತಿಳಿಯಿತು. ಚೌಕಟ್ಟಿನ ಹಾಳೆಯಲ್ಲಿ ಅದಕ್ಕೆ ಒಂದು ಸಾಲಿನ ಜಾಗವಿರಲಿಲ್ಲ.

ನನ್ನ ಮುಖ್ಯ ತಕರಾರು ಇರುವುದೇ ಇಲ್ಲಿ. ಪರಂಪರೆಯ ಹೋಟೆಲು ಪರಂಪರೆಯನ್ನು ಮಂಚದ ಮೇಲೆ ಮಲಗಿದವರ ಕಡೆಯಿಂದ ಮಾತ್ರ ಹೇಳುತ್ತದೆ. ಮಂಚ ಹಾಸಿದವರ ಕಡೆಯಿಂದ ಹೇಳುವುದಿಲ್ಲ. ಬೇರೆಯವರು ಇದನ್ನು ಗಮನಿಸದಿರಬಹುದು. ನಾವು ಗಮನಿಸದಿದ್ದರೆ ಆಶ್ಚರ್ಯ. ಹೋಟೆಲೆಂಬುದನ್ನು ಹಿಂಬಾಗಿಲಿನಿಂದ ಬಲ್ಲವರು ಮುಂಬಯಿ ಕನ್ನಡಿಗರಷ್ಟು ಬೇರೆ ಯಾರಿದ್ದಾರೆ? ಊರಿನಿಂದ ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಬಂದು, ಹಗಲೆಲ್ಲ ಲೋಟ ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಅಕ್ಷರ ತಿದ್ದಿ, ಮೇಜುಗಳ ಮೇಲೇ ಮಲಗಿದವರ ಮಕ್ಕಳು ಮೊಮ್ಮಕ್ಕಳು ನಾವು. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಯೆಲೆ ಊಟಕ್ಕೂ ಚರಿತ್ರೆಯಿದೆ. ಅದನ್ನು ಕಟ್ಟಿದವರಾರು, ಬಡಿಸಿದವರಾರು ಎಂಬುದು ಊಟ ಮಾಡುವವನಿಗೂ ಗೊತ್ತಿರುತ್ತದೆ. ಅಂಥ ಹೋಟೆಲುಗಳ ಅನ್ನ ತಿಂದು ಬೆಳೆದವನು ಅರಮನೆಯ ಹೋಟೆಲಿಗೆ ಹೋಗಿ ಬೆಳ್ಳಿಯ ಚಮಚ ಹಿಡಿದೊಡನೆ ಅಡಿಗೆಮನೆಯ ಕಡೆ ನೋಡುವುದನ್ನು ಮರೆತರೆ, ಬಾಡಿಗೆಯ ಜೊತೆ ಇನ್ನೇನನ್ನೋ ಕೊಟ್ಟು ಬಂದಂತೆ.

ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಹಳೆಯ ಮರದ ಕಟ್ಟಡ, ನೀಲಗಿರಿಯ ಮಳೆ, ತೇವ, ಗೆದ್ದಲು. ಯಾರಾದರೂ ದುಡ್ಡು ಸುರಿಯದೆ ಅದು ನಿಲ್ಲುವುದಿಲ್ಲ. ಚಾಮುಂಡಿ ಬೆಟ್ಟದ ಮೇಲಿನ ರಾಜೇಂದ್ರ ವಿಲಾಸವನ್ನು ನೆನೆಯಿರಿ: ಕೆಲವು ಕಾಲ ಹೋಟೆಲಾಗಿದ್ದು, ಬಾಗಿಲು ಮುಚ್ಚಿದ ಮೇಲೆ ಬಹಳ ವರ್ಷ ಪಾಳುಬಿದ್ದಿತು. ಮೈಸೂರಿಡೀ ಕಣ್ಣಡಿಗೆ ಬೀಳುವ ಜಾಗ, ನೋಡುವವರಿಲ್ಲ. ಹೋಟೆಲಾದದ್ದರಿಂದಲೇ ಉಳಿದ ಗೋಡೆಗಳಿವೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಅದೇ ಬೆಟ್ಟದ ಬುಡದ ಲಲಿತ ಮಹಲಿನ ಮಾತು ಸ್ವಲ್ಪ ಬೇರೆ. ಅದರ ನಕ್ಷೆ ಮಾಡಿದ ಫ್ರಿಚ್ಲಿ ನಮ್ಮ ಮುಂಬಯಿಯ ವಾಸ್ತುಶಿಲ್ಪಿ. 1921ರಲ್ಲಿ ನಾಲ್ವಡಿಯವರು ಅಸ್ತಿಭಾರ ಹಾಕಿಸಿದ್ದೇ ವೈಸರಾಯರಂಥ ಯೂರೋಪಿಯನ್ ಅತಿಥಿಗಳಿಗಾಗಿ. ಹುಟ್ಟಿನಿಂದಲೇ ಅದು ಅತಿಥಿಗೃಹ. 1974ರಲ್ಲಿ ಹೋಟೆಲಾಗಿ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮದ ಕೈಯಲ್ಲಿದ್ದು, 2018ರಲ್ಲಿ ಕರ್ನಾಟಕ ಸರ್ಕಾರಕ್ಕೆ ಬಂತು. ಅತಿಥಿ ಬದಲಾದ, ಮನೆ ಅದೇ ಕೆಲಸ ಮಾಡಿತು. ಆದ್ದರಿಂದ ಲಂಡನ್ನಿನ ಸಂತ ಪಾಲನ ಚರ್ಚನ್ನು ನೆನಪಿಸುವ ಆ ಗುಮ್ಮಟದ ಕೆಳಗೆ ತಂಗುವುದರಲ್ಲಿ ಊಟಿಯ ಅರಮನೆಯಷ್ಟು ವೇಷವಿಲ್ಲವೆಂದು ನನ್ನ ಅಭಿಪ್ರಾಯ. ಫರ್ನ್‌ಹಿಲ್ಸ್ ಒಂದು ಕುಟುಂಬದ ಮನೆಯಾಗಿತ್ತು. ಪರರ ಮನೆಯ ಮಲಗುವ ಕೋಣೆಯಲ್ಲಿ ರಾತ್ರಿ ಕಳೆಯುವಾಗ ಆಗುವ ಒಂದು ಸಣ್ಣ ಸಂಕೋಚವನ್ನು ಎಷ್ಟು ಬಾಡಿಗೆ ಕೊಟ್ಟರೂ ಕಳೆದುಕೊಳ್ಳಲಾಗದು. ಕಳೆದುಕೊಳ್ಳಲೂಬಾರದು.

ತಂಗುವವರು ತಂಗಲಿ. ಬೆಳಗಿನ ಮಂಜು, ಬೆಂಕಿಗೂಡಿನ ಬಿಸಿ, ನಡೆದರೆ ಕಿರುಗುಟ್ಟುವ ತೇಗದ ನೆಲ, ಇವು ಸುಳ್ಳಲ್ಲ. ಮುಂಬಯಿಯ ಚಾಳಿನಲ್ಲಿ ಬಾಳಿದ ಹಿರಿಯರಿಗೆ ಒಮ್ಮೆ ಇದು ಸಿಗಬೇಕಾದದ್ದೇ. ಆದರೆ ಹೋಟೆಲಿನವರಲ್ಲಿ ಕೇಳಬೇಕಾದ ಒಂದೆರಡು ಪ್ರಶ್ನೆಗಳನ್ನು ಕೇಳಿ. ಈ ಜಾಗಕ್ಕೆ ಬಂಗಲೆ ಏಳುವ ಮೊದಲು ಏನು ಹೆಸರಿತ್ತು? ಇಲ್ಲಿ ಅಡಿಗೆ ಮಾಡುತ್ತಿದ್ದವರು ಯಾರು? ಅವರ ಪಟವೊಂದಾದರೂ ಇದೆಯೇ? ಗಿರಾಕಿಗಳು ಕೇಳತೊಡಗಿದರೆ ಚೌಕಟ್ಟಿನ ಹಾಳೆ ತಾನಾಗಿ ಉದ್ದವಾಗುತ್ತದೆ. ಬೆಳಗಿನ ಉಪಾಹಾರಕ್ಕೆ ದೋಸೆ ಬೇಕೆಂದು ನಾವು ಕೇಳಿ ಪಡೆಯಲಿಲ್ಲವೇ? ಹಾಗೆಯೇ ಇದೂ.

ಹೊರಡುವವರಿಗೆ ಎರಡು ವ್ಯಾವಹಾರಿಕ ಮಾತು. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸಿನ ನಿಯಮವೂ ಬಂದಿದೆ. ಜನ ಅಷ್ಟು ಮುಗಿಬಿದ್ದಿದ್ದಾರೆ. ಮೈಸೂರಿನಿಂದ ನೇರವಾಗಿ ಗುಂಡ್ಲುಪೇಟೆಗೆ ಓಡದೆ ಬೆಳಿಗ್ಗೆ ಬೇಗ ಹೊರಟು ಚಾಮರಾಜನಗರದ ಮೇಲೆ ಸುತ್ತಿ ಹೋದರೆ, ಪುಣಿಸ ಕಟ್ಟಿಸಿದ ಪಾರ್ಶ್ವನಾಥ ಬಸದಿಯನ್ನು ನೋಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಕಾಡಿನ ರಸ್ತೆ ಸೇರಬಹುದು. ಶಾಸನದ ಅಕ್ಷರ ಹಳಗನ್ನಡದ್ದು, ಓದಲು ಬರುವುದಿಲ್ಲವೆಂದು ಮಕ್ಕಳು ಗೊಣಗಿದರೆ ಗೊಣಗಲಿ.