ಒಂದೇ ಹಾರ್ನ್, ಎರಡು ಅರ್ಥ

ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಟ ವಿಮಾನದಲ್ಲಿ ನಾವು ಉಸಿರಾಡುವುದು ಬೆಟ್ಟದ ಗಾಳಿಯನ್ನು. ಹೊರಗೆ 35,000 ಅಡಿ ಇದ್ದರೂ ಒಳಗಿನ ಒತ್ತಡ ಹೆಚ್ಚೆಂದರೆ 8,000 ಅಡಿಯ ಮಟ್ಟದಲ್ಲಿರುತ್ತದೆ. ಅಂದರೆ ಮುಳ್ಳಯ್ಯನಗಿರಿಗಿಂತ ಮೇಲೆ, ಊಟಿಯ ದೊಡ್ಡಬೆಟ್ಟಕ್ಕಿಂತ ತುಸು ಕೆಳಗೆ. ಆ ಮಟ್ಟ 10,000 ಅಡಿಯತ್ತ, ಹೆಚ್ಚುಕಡಿಮೆ ಜರ್ಮನಿಯ ಅತಿ ಎತ್ತರದ ಶಿಖರ ತ್ಸುಗ್‌ಸ್ಪಿಟ್ಸೆಯ ನೆತ್ತಿಗೆ ಏರಿತೆಂದರೆ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಮೊಳಗುತ್ತದೆ. ಆ ಎಚ್ಚರಿಕೆ ತನ್ನ ಹೆಸರನ್ನು ತಾನೇ ಹೇಳಬೇಕು ಎಂಬುದು ನನ್ನ ವಾದ.

2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಕಾದಿಂದ ಹೀಲಿಯೊಸ್ ಏರ್‌ವೇಸ್‌ನ ಬೋಯಿಂಗ್ 737 ಅಥೆನ್ಸ್‌ನತ್ತ ಹೊರಟಿತು. ಕ್ಯಾಪ್ಟನ್ ಜರ್ಮನಿಯವರು, ವಿಮಾನವೂ ಹಿಂದೆ ಜರ್ಮನಿಯ ಡಾಯ್ಚೆ ಬಿಎ ಸಂಸ್ಥೆಯಲ್ಲಿ ಹಾರಿದ್ದೇ. ಹಿಂಬಾಗಿಲಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೆಲದ ಮೇಲೆ ಪರೀಕ್ಷಿಸಿದ್ದರು. ಆಮೇಲೆ ಒತ್ತಡ ನಿಯಂತ್ರಣದ ಸ್ವಿಚ್ ‘ಮ್ಯಾನುಯಲ್’ನಲ್ಲೇ ಉಳಿದುಹೋಯಿತು. ಟೇಕಾಫ್‌ಗೆ ಮುಂಚಿನ ತಪಾಸಣೆಯಲ್ಲೂ ಆಮೇಲಿನದರಲ್ಲೂ ಅದು ಯಾರ ಕಣ್ಣಿಗೂ ಬೀಳಲಿಲ್ಲ. ವಿಮಾನ ಸುಮಾರು 12,000 ಅಡಿಯಲ್ಲಿದ್ದಾಗ ಒತ್ತಡದ ಎಚ್ಚರಿಕೆಯ ಹಾರ್ನ್ ಕೂಗಿತು. ಫ್ಲ್ಯಾಪ್ ಸರಿಯಿಲ್ಲದೆ ಟೇಕಾಫ್‌ಗೆ ಹೊರಟರೆ ಕೂಗುವುದೂ ಅದೇ ಹಾರ್ನ್. ಪೈಲಟ್‌ಗಳು ಇದನ್ನು ಆ ಟೇಕಾಫ್ ಎಚ್ಚರಿಕೆಯೇ ಎಂದುಕೊಂಡರು. ಟೇಕಾಫ್ ಎಚ್ಚರಿಕೆ ನೆಲದ ಮೇಲಷ್ಟೇ ಬರುತ್ತದೆ, ಮೇಲೆ ಹಾರುವಾಗ ಕೂಗಿದರೆ ಒತ್ತಡದ್ದೇ ಎಂಬುದು ವಿನ್ಯಾಸಕರ ತರ್ಕ. ಕಾಗದದ ಮೇಲೆ ಸರಿಯೇ. ಆದರೆ ಆ ತರ್ಕ ಮಾಡಬೇಕಾದ ಮಿದುಳಿಗೇ ಆಮ್ಲಜನಕ ಸಾಲದಾಗಿತ್ತು.

ಕ್ಯಾಪ್ಟನ್ ಮಾಸ್ಕ್ ಹಾಕಲಿಲ್ಲ, ರೇಡಿಯೊ ಹಿಡಿದರು. ತೆಳುಗಾಳಿಯಿಂದ ಉಪಕರಣಗಳ ಕೂಲಿಂಗ್ ದೀಪವೂ ಹೊತ್ತಿಕೊಂಡಿತ್ತು. ಮಾತು ಅತ್ತ ತಿರುಗಿತು. ಒತ್ತಡದ ಸ್ವಿಚ್ ‘ಆಟೋ’ದಲ್ಲಿದೆಯೇ ಎಂದು ಕೆಳಗಿದ್ದ ಎಂಜಿನಿಯರ್ ಕೇಳಿದಾಗ, ಕೂಲಿಂಗ್‌ನ ಸರ್ಕ್ಯೂಟ್ ಬ್ರೇಕರ್ ಎಲ್ಲಿದೆ ಎಂದು ಇವರು ಕೇಳಿದರಂತೆ. ಅದಿದ್ದದ್ದು ಅವರ ಆಸನದ ಹಿಂದೆಯೇ. ವಿಮಾನ 34,000 ಅಡಿಗೆ ಏರುತ್ತಲೇ ಹೋಯಿತು. ಗ್ರೀಸಿನ ಎಫ್-16ಗಳು ಪಕ್ಕಕ್ಕೆ ಬಂದಾಗ ಕ್ಯಾಪ್ಟನ್ ಆಸನ ಖಾಲಿಯಿತ್ತು, ಸಹ ಪೈಲಟ್ ಕುಸಿದಿದ್ದರು. ಇಂಧನ ಮುಗಿದು ವಿಮಾನ ಬಿತ್ತು. ಸತ್ತವರು 121 ಜನ.

ಗ್ರೀಕ್ ತನಿಖಾ ವರದಿ ಪೈಲಟ್‌ಗಳ ಲೋಪವನ್ನು ನೇರ ಕಾರಣಗಳಲ್ಲಿ ಇಟ್ಟಿತು. ಇಂಥ ಘಟನೆಗಳು ಮೊದಲೇ ನಡೆದಿದ್ದರೂ ತಯಾರಕರು ಕೈಗೊಂಡ ಕ್ರಮ ಸಾಲದೆಂಬ ಮಾತು ಅದರಲ್ಲಿದೆ, ಆದರೆ ಹಿಂದಿನ ಸಾಲಿನಲ್ಲಿ. ನನ್ನ ಮಟ್ಟಿಗೆ ಅದು ಮುಂದಿನ ಸಾಲಿನಲ್ಲಿ ಇರಬೇಕಿತ್ತು. ಹ್ಯಾಂಬರ್ಗ್‌ನಲ್ಲಿ ಜೋಡಣೆಯಾಗುವ ಏರ್‌ಬಸ್ ಎ320ರಲ್ಲಿ ಕ್ಯಾಬಿನ್ ಒತ್ತಡ ಕುಸಿದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ಸಮಸ್ಯೆಯ ಹೆಸರು, ಅದರಡಿ ಮೊದಲ ಕೆಲಸ: ಸಿಬ್ಬಂದಿ ಆಮ್ಲಜನಕದ ಮಾಸ್ಕ್ ಹಾಕಿ. ರೋಗವನ್ನೂ ಮದ್ದನ್ನೂ ಒಟ್ಟಿಗೇ ಹೇಳುವ ಎಚ್ಚರಿಕೆ ಇದು. 737ಗಳಲ್ಲಿ ಎರಡು ಅರ್ಥಗಳಿಗೆ ಬೇರೆಬೇರೆ ದೀಪ ಇರಲೇಬೇಕೆಂದು ಅಮೆರಿಕ ಕಡ್ಡಾಯ ಮಾಡಿದ್ದು 2011ರಲ್ಲಿ. ಅಷ್ಟು ವರ್ಷ ಕಾದದ್ದನ್ನು ಒಪ್ಪಲಾರೆ.

ಮಾಸ್ಕ್ ಮೊದಲು, ವಿಚಾರ ಆಮೇಲೆ ಎಂಬ ನಿಯಮವಂತೂ ಗಟ್ಟಿಯಾದದ್ದು. 34,000 ಅಡಿಯ ಗಾಳಿಯಲ್ಲಿ ನೆಟ್ಟಗೆ ಯೋಚಿಸಲು ಸಿಗುವುದು ಒಂದು ನಿಮಿಷವೂ ಇಲ್ಲ. 2018ರ ಜುಲೈನಲ್ಲಿ ಡಬ್ಲಿನ್‌ನಿಂದ ಝಾದರ್‌ಗೆ ಹೊರಟ ರಯನ್‌ಏರ್ ವಿಮಾನದಲ್ಲಿ ಒತ್ತಡ ಕುಸಿಯಿತು. ಅದನ್ನು ಸರಸರನೆ ಕೆಳಗಿಳಿಸಿ ಜರ್ಮನಿಯ ಫ್ರಾಂಕ್‌ಫರ್ಟ್-ಹಾನ್‌ನಲ್ಲಿ ನಿಲ್ಲಿಸಿದರು. ಕಿವಿನೋವು, ತಲೆನೋವಿನಿಂದ 33 ಮಂದಿ ಆಸ್ಪತ್ರೆಗೆ ಹೋದರು, ಎಲ್ಲರೂ ಬದುಕಿದರು.

ಕೊರತೆಯಿರುವುದು ತರಬೇತಿಯಲ್ಲಿ. ಸಿಮ್ಯುಲೇಟರ್‌ನ ಗಾಳಿ ನೆಲದ್ದೇ, ಅಲ್ಲಿ ಯಾರಿಗೂ ಮಂಕು ಕವಿಯುವುದಿಲ್ಲ. ಜರ್ಮನ್ ವಾಯುಪಡೆಯವರಿಗಾದರೋ ಡ್ರೆಸ್ಡನ್ ಬಳಿಯ ಕೋನಿಗ್ಸ್‌ಬ್ರುಕ್‌ನಲ್ಲಿ ಕಡಿಮೆ ಒತ್ತಡದ ಕೋಣೆಯಿದೆ. ನಾಗರಿಕ ಪೈಲಟ್‌ಗಳಿಗೂ ಒಮ್ಮೆಯಾದರೂ ಆ ಅನುಭವ ಆಗಲೇಬೇಕು. ಇಂಥ ಕೋಣೆಗಳಲ್ಲಿ ಕೂತವರ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ಕಳೆಯುವ ಲೆಕ್ಕ ಮಾಡಿಸುತ್ತಾರೆ. ಮೊದಲೆರಡು ಸಾಲು ನೆಟ್ಟಗಿರುತ್ತವೆ. ಬರಬರುತ್ತಾ ಅಂಕಿಗಳು ಜಾರುತ್ತವೆ, ಕೊನೆಯವು ಗೀಚಾಗುತ್ತವೆ. ಬರೆಯುತ್ತಿರುವವರಿಗೆ ಮಾತ್ರ ಎಲ್ಲವೂ ಸರಿಯಾಗೇ ಇದೆ ಅನ್ನಿಸುತ್ತಿರುತ್ತದೆ. ಮಾಸ್ಕ್ ಹಾಕಿಕೊಂಡು ನಾಲ್ಕು ಸಲ ಉಸಿರೆಳೆದ ಮೇಲೆ ಅದೇ ಕಾಗದವನ್ನು ಅವರ ಮುಂದಿಡುತ್ತಾರೆ.